ಡೀಪ್ ಪರ್ಪಲ್: ಯಾವ ಆಲ್ಬಂನಿಂದ ಆರಂಭಿಸಬೇಕು?

ಸಂಗೀತ ಕುರಿತ ಈ ಪ್ರಶ್ನೋತ್ತರ ಅಂಕಣಕ್ಕೆ ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹಲವು ಇಂಗ್ಲೆಂಡಿನ ಹಾರ್ಡ್ ರಾಕ್ ತಂಡವಾದ ಡೀಪ್ ಪರ್ಪಲ್ ಕುರಿತಾಗಿಯೇ ಇದ್ದವು. 1968ರಲ್ಲಿ ಹುಟ್ಟಿ, 1976ರಲ್ಲಿ ಒಡೆದು, 1984ರಲ್ಲಿ ಮತ್ತೆ ಕೂಡಿದ ಈ ತಂಡದ ಆಲ್ಬಂಗಳ ರಾಶಿಯಲ್ಲಿ ಹೊಸ ಕೇಳುಗರಿಗೆ ದಾರಿ ತಪ್ಪುವುದು ಸಹಜವೇ ಆದ್ದರಿಂದ, ಈ ಸಲ ಆ ಪತ್ರಗಳನ್ನಷ್ಟೇ ತೆಗೆದುಕೊಳ್ಳಲಾಗಿದೆ.

ಪ್ರಶ್ನೆ: ಮಾನ್ಯರೇ, ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿ. ಫೋನಿನ ಆ್ಯಪ್‌ನಲ್ಲಿ ಡೀಪ್ ಪರ್ಪಲ್ ಎಂದು ಹುಡುಕಿದರೆ ಸ್ಟುಡಿಯೊ ಆಲ್ಬಂ, ಲೈವ್ ಆಲ್ಬಂ, ಸಂಕಲನ, ರೀಮಾಸ್ಟರ್ ಎಲ್ಲವೂ ಒಟ್ಟಿಗೆ ಬರುತ್ತವೆ. ಮೊದಲ ಆಲ್ಬಂನಿಂದ ಕ್ರಮವಾಗಿ ಕೇಳಲು ಹೊರಟೆ, ಮೂರನೆಯದಕ್ಕೇ ಬೇಸರವಾಯಿತು. ಎಲ್ಲಿಂದ ಆರಂಭಿಸಿದರೆ ಸರಿ?

ಉತ್ತರ: ಕಾಲಾನುಕ್ರಮದಲ್ಲಿ ಕೇಳುವುದು ಒಳ್ಳೆಯ ಶಿಸ್ತೇ ಹೌದು, ಆದರೆ ಈ ತಂಡದ ವಿಷಯದಲ್ಲಿ ಅದು ಕೇಳುಗರನ್ನು ಬಾಗಿಲಲ್ಲೇ ದಣಿಸುತ್ತದೆ. ನೀವು ಕೇಳಿದ ಮೊದಲ ಮೂರು ಆಲ್ಬಂಗಳಲ್ಲಿ ಬೇರೆಯವರ ಹಾಡುಗಳು ಬಹಳ. ಅಮೆರಿಕದಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ ‘ಹಶ್’ ಕೂಡ ಜೋ ಸೌತ್ ಬರೆದದ್ದು. ಆ ಕಾಲದ ತಂಡಕ್ಕೆ ಕೈಚಳಕವಿತ್ತು, ತನ್ನದೇ ಆದ ದನಿ ಇರಲಿಲ್ಲ. ಅವುಗಳನ್ನು ಕೊನೆಗೆ ಇಟ್ಟುಕೊಳ್ಳಿ.

ಸಾಮಾನ್ಯವಾಗಿ ಎಲ್ಲರೂ ಮೊದಲು 1972ರ ಸ್ಟುಡಿಯೊ ಆಲ್ಬಂ ‘ಮಷೀನ್ ಹೆಡ್’ ಕೇಳಿ ಎನ್ನುತ್ತಾರೆ. ನನ್ನ ಸಲಹೆ ಬೇರೆ: 1972ರ ಡಿಸೆಂಬರಿನಲ್ಲಿ ಬಂದ ‘ಮೇಡ್ ಇನ್ ಜಪಾನ್’ ಎಂಬ ಲೈವ್ ಆಲ್ಬಂನಿಂದ ಆರಂಭಿಸಿ. ಡೀಪ್ ಪರ್ಪಲ್ ಮೂಲತಃ ವೇದಿಕೆಯ ಮೇಲೆ ಹಾಡನ್ನು ಬೆಳೆಸುವ ತಂಡವಾಗಿತ್ತು, ಸ್ಟುಡಿಯೊದಲ್ಲಿ ಮುದ್ರಿಸಿದ ಹಾಡು ಅವರಿಗೆ ಬರಿಯ ಹಂದರವಾಗಿತ್ತು ಎಂಬುದು ಈ ಆಲ್ಬಂ ಕೇಳಿದ ಮೇಲೆಯೇ ತಿಳಿಯುತ್ತದೆ. ಸ್ಟುಡಿಯೊದಲ್ಲಿ ಐದು ನಿಮಿಷವೂ ತುಂಬದ ‘ಸ್ಪೇಸ್ ಟ್ರಕಿನ್’ ಇಲ್ಲಿ ಸುಮಾರು ಇಪ್ಪತ್ತು ನಿಮಿಷ ಬೆಳೆದು, ಎರಡು ಎಲ್‌ಪಿಗಳ ಈ ಸಂಪುಟದ ನಾಲ್ಕನೆಯ ಬದಿಯನ್ನು ಇಡಿಯಾಗಿ ಆಕ್ರಮಿಸಿಕೊಂಡಿದೆ.

ಇದರ ಹಿನ್ನೆಲೆಯೂ ಸ್ವಾರಸ್ಯಕರವಾಗಿದೆ. 1972ರ ಆಗಸ್ಟ್ 15ರಿಂದ 17ರವರೆಗೆ ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೊದ ಬುಡೊಕಾನ್ ಸಭಾಂಗಣದಲ್ಲಿ ಒಂದು ರಾತ್ರಿ ನಡೆದ ಕಾರ್ಯಕ್ರಮಗಳನ್ನು ಮುದ್ರಿಸಬೇಕೆಂದು ಕೇಳಿದ್ದು ಜಪಾನಿನ ಧ್ವನಿಮುದ್ರಣ ಕಂಪನಿ. ತಂಡದವರಿಗೆ ಲೈವ್ ಆಲ್ಬಂ ಎಂಬುದರಲ್ಲೇ ವಿಶ್ವಾಸವಿರಲಿಲ್ಲ. ತಮ್ಮದೇ ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರು ಮುದ್ರಿಸುವುದಾದರೆ ಆಗಲಿ ಎಂದು ಒಪ್ಪಿದರು. ಜಪಾನಿಗಷ್ಟೇ ಎಂದುಕೊಂಡಿದ್ದ ಈ ಕೆಲಸ ಕೊನೆಗೆ ಜಗತ್ತಿನ ಎಲ್ಲೆಡೆ ಬಿಡುಗಡೆಯಾಗಿ, ರಾಕ್ ಸಂಗೀತದ ಲೈವ್ ಆಲ್ಬಂಗಳ ಮಾತು ಬಂದಾಗಲೆಲ್ಲ ಮೊದಲ ಸಾಲಿನಲ್ಲಿ ಹೆಸರಿಸಲ್ಪಡುವಂತಾಯಿತು.

ಕೇಳುವಾಗ ಮೂರನೆಯ ಬದಿಯ ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಹಾಡಿನ ಉತ್ತರಾರ್ಧಕ್ಕೆ ವಿಶೇಷ ಗಮನ ಕೊಡಿ. ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಒಂದು ಚಿಕ್ಕ ಸ್ವರಗುಚ್ಛವನ್ನು ನುಡಿಸುತ್ತಾರೆ, ಗಾಯಕ ಇಯಾನ್ ಗಿಲನ್ ಅದನ್ನೇ ಕಂಠದಲ್ಲಿ ಹಿಡಿದು ತಿರುಗಿ ಕೊಡುತ್ತಾರೆ. ಗುಚ್ಛ ಪ್ರತಿ ಸಲವೂ ಕಠಿಣವಾಗುತ್ತ ಹೋಗುತ್ತದೆ, ಕೊನೆಗೆ ಗಿಲನ್ ಚೀರುದನಿಯ ತುದಿಯನ್ನು ಮುಟ್ಟುತ್ತಾರೆ. ಸಿತಾರ್ ಮತ್ತು ತಬಲಾಗಳ ಸವಾಲ್–ಜವಾಬ್ ಕೇಳಿ ಬೆಳೆದ ನಮ್ಮ ಭಾಗದವರಿಗೆ ಈ ಆಟವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ‘ಮಷೀನ್ ಹೆಡ್’ ಅನ್ನು ಬಿಟ್ಟು ಇದನ್ನು ಮೊದಲು ಸೂಚಿಸಲು ನನಗಿರುವ ಮುಖ್ಯ ಕಾರಣವೂ ಇದೇ: ನಮ್ಮ ಕಿವಿಗೆ ಪರಿಚಿತವಾದ ಬಾಗಿಲಿನಿಂದ ಒಳಗೆ ಹೋದರೆ ಉಳಿದ ಕೋಣೆಗಳು ಬೇಗ ತೆರೆದುಕೊಳ್ಳುತ್ತವೆ.

ಅದಾದ ಮೇಲೆ ‘ಮಷೀನ್ ಹೆಡ್’ಗೆ ಹೋಗಿ, ‘ಮೇಡ್ ಇನ್ ಜಪಾನ್’ನಲ್ಲಿ ಕೇಳಿದ ಹಲವು ಹಾಡುಗಳ ಮೂಲರೂಪ ಎಷ್ಟು ಬಿಗಿಯಾಗಿದೆ ಎಂಬುದು ಆಗ ಹೆಚ್ಚು ಸ್ಪಷ್ಟವಾಗುತ್ತದೆ. ಅಲ್ಲಿಂದ ಎರಡು ವರ್ಷ ಹಿಂದಕ್ಕೆ ಬಂದು 1970ರ ‘ಇನ್ ರಾಕ್’ ಕೇಳಿ. 1971ರ ‘ಫೈರ್‌ಬಾಲ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದರೂ ಎರಡು ದೊಡ್ಡ ಆಲ್ಬಂಗಳ ನಡುವೆ ಸಿಕ್ಕಿ ಮರೆಗೆ ಸರಿದಿದೆ. ಶೀರ್ಷಿಕೆಯ ಹಾಡು ಮತ್ತು ‘ನೋ ಒನ್ ಕೇಮ್’ ಇವೆರಡಕ್ಕಾಗಿಯಾದರೂ ಅದನ್ನು ಬಿಡಬೇಡಿ. 1973ರ ‘ಹೂ ಡು ವಿ ಥಿಂಕ್ ವಿ ಆರ್’ ಮಾತ್ರ ದಣಿದವರ ಕೆಲಸ. ‘ವುಮನ್ ಫ್ರಮ್ ಟೋಕಿಯೊ’ ಒಂದನ್ನು ಕೇಳಿ ಮುಂದುವರಿದರೆ ನಷ್ಟವಿಲ್ಲ.

ಪ್ರಶ್ನೆ: ನಾನು ಬೀದರಿನಲ್ಲಿರುವ ನಿವೃತ್ತ ಶಿಕ್ಷಕ. ಮೊಮ್ಮಗನ ಜೊತೆ ಈ ಹಾಡುಗಳನ್ನು ಕೇಳುವ ಅಭ್ಯಾಸವಾಗಿದೆ. ಅವನು ‘ಮಾರ್ಕ್ ಟೂ’, ‘ಮಾರ್ಕ್ ತ್ರೀ’ ಎಂದೆಲ್ಲ ಹೇಳುತ್ತಾನೆ. ಇದೇನು ಲೆಕ್ಕ ಎಂದು ದಯವಿಟ್ಟು ತಿಳಿಸಬೇಕು.

ಉತ್ತರ: ಗುರುಗಳೇ, ತಂಡದ ಸದಸ್ಯರು ಬದಲಾದಂತೆಲ್ಲ ಅಭಿಮಾನಿಗಳು ಒಂದೊಂದು ಸಂಖ್ಯೆ ಕೊಡುತ್ತ ಬಂದಿದ್ದಾರೆ, ಅಷ್ಟೇ. ಆದರೆ ಈ ಲೆಕ್ಕ ಬರಿಯ ಅಭಿಮಾನಿಗಳ ಹವ್ಯಾಸವಲ್ಲ, ಆಲ್ಬಂ ಆರಿಸಿಕೊಳ್ಳುವವರಿಗೆ ಅದಕ್ಕಿಂತ ಉಪಯುಕ್ತವಾದ ಕೈಪಿಡಿ ಇನ್ನೊಂದಿಲ್ಲ. ಏಕೆಂದರೆ ಡೀಪ್ ಪರ್ಪಲ್ ಎಂಬ ಒಂದೇ ಹೆಸರಿನಡಿ ನಾಲ್ಕಾರು ಬೇರೆ ಬೇರೆ ತಂಡಗಳು ಇವೆ ಎಂದರೂ ತಪ್ಪಾಗದು.

ಮಾರ್ಕ್ ಒನ್ ಎಂದರೆ 1968ರ ಮೂಲ ತಂಡ: ಗಿಟಾರ್‌ನಲ್ಲಿ ಬ್ಲ್ಯಾಕ್‌ಮೋರ್, ಆರ್ಗನ್‌ನಲ್ಲಿ ಜಾನ್ ಲಾರ್ಡ್, ಡ್ರಮ್ಸ್‌ನಲ್ಲಿ ಇಯಾನ್ ಪೇಸ್, ಬೇಸ್‌ನಲ್ಲಿ ನಿಕ್ ಸಿಂಪರ್, ಗಾಯನದಲ್ಲಿ ರಾಡ್ ಇವಾನ್ಸ್. 1969ರಲ್ಲಿ ಕೊನೆಯ ಇಬ್ಬರನ್ನು ಬಿಟ್ಟು ‘ಎಪಿಸೋಡ್ ಸಿಕ್ಸ್’ ಎಂಬ ತಂಡದಿಂದ ಇಯಾನ್ ಗಿಲನ್ ಮತ್ತು ಬೇಸ್ ವಾದಕ ರಾಜರ್ ಗ್ಲೋವರ್ ಅವರನ್ನು ಕರೆತಂದಾಗ ಮಾರ್ಕ್ ಟೂ ಹುಟ್ಟಿತು. ಜನ ಡೀಪ್ ಪರ್ಪಲ್ ಎಂದಾಗ ನೆನೆಯುವುದು ಈ ಐವರನ್ನೇ. 1973ರಲ್ಲಿ ಗಿಲನ್ ಮತ್ತು ಗ್ಲೋವರ್ ಹೊರಬಿದ್ದು, ಡೇವಿಡ್ ಕವರ್‌ಡೇಲ್ ಮತ್ತು ಗ್ಲೆನ್ ಹ್ಯೂಸ್ ಬಂದಾಗ ಮಾರ್ಕ್ ತ್ರೀ. 1975ರಲ್ಲಿ ಬ್ಲ್ಯಾಕ್‌ಮೋರ್ ‘ರೇನ್‌ಬೋ’ ತಂಡ ಕಟ್ಟಲು ಹೋದ ಮೇಲೆ ಅಮೆರಿಕದ ಟಾಮಿ ಬೋಲಿನ್ ಗಿಟಾರ್ ಹಿಡಿದಾಗ ಮಾರ್ಕ್ ಫೋರ್. ಅದು 1976ರ ಮಾರ್ಚಿನಲ್ಲಿ ಲಿವರ್‌ಪೂಲ್ ಕಾರ್ಯಕ್ರಮದೊಂದಿಗೆ ಮುಗಿಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಬೋಲಿನ್ ತೀರಿಕೊಂಡರು. 1984ರಲ್ಲಿ ಮರಳಿ ಕೂಡಿದ್ದು ಮಾರ್ಕ್ ಟೂ ತಂಡವೇ. ಆಮೇಲಿನ ಬದಲಾವಣೆಗಳ ಸಂಖ್ಯೆಯನ್ನು ಮೊಮ್ಮಗ ಬಾಯಿಪಾಠ ಮಾಡಿಕೊಂಡಿರಬಹುದು, ತಾವು ಅಷ್ಟು ಶ್ರಮ ಪಡಬೇಕಾಗಿಲ್ಲ. ಎಲ್ಲ ಬದಲಾವಣೆಗಳಲ್ಲೂ ತಂಡದಲ್ಲಿ ಉಳಿದುಕೊಂಡವರು ಇಯಾನ್ ಪೇಸ್ ಒಬ್ಬರೇ ಎಂಬುದನ್ನು ನೆನಪಿಟ್ಟರೆ ಸಾಕು. ಎಡಗೈ ವಾದಕರಾದ ಅವರ ಡ್ರಮ್ಸ್‌ನಲ್ಲಿ ಜಾಝ್‌ನ ಹಗುರ ನಡೆ ಇರುವುದರಿಂದಲೇ ಇಷ್ಟು ಭಾರವಾದ ಸಂಗೀತ ಎಲ್ಲೂ ಕುಸಿದು ಕೂರುವುದಿಲ್ಲ.

ಒಂದು ತಮಾಷೆಯ ಸಂಗತಿಯನ್ನೂ ಹೇಳಬಹುದು. ತಂಡ ಒಡೆದಿದ್ದ ಅವಧಿಯಲ್ಲಿ, 1980ರಲ್ಲಿ, ಮೊದಲ ಗಾಯಕ ರಾಡ್ ಇವಾನ್ಸ್ ಅವರೊಬ್ಬರನ್ನು ಮುಂದಿಟ್ಟುಕೊಂಡು, ಉಳಿದವರೆಲ್ಲ ಹೊಸಬರಾದ ಒಂದು ‘ಡೀಪ್ ಪರ್ಪಲ್’ ಅಮೆರಿಕ ಮತ್ತು ಮೆಕ್ಸಿಕೊದಲ್ಲಿ ಕಾರ್ಯಕ್ರಮ ಕೊಟ್ಟಿತ್ತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ ಆ ತಂಡಕ್ಕೆ ತೆರೆಬಿತ್ತು. ಅದಕ್ಕೆ ಅಭಿಮಾನಿಗಳು ಯಾವ ಸಂಖ್ಯೆಯನ್ನೂ ಕೊಟ್ಟಿಲ್ಲ.

ಪ್ರಶ್ನೆ: ಆಳಂದ ತಾಲ್ಲೂಕಿನ ನಮ್ಮ ಊರಿನ ಭಜನಾ ಮಂಡಳಿಯಲ್ಲಿ ನಾನು ಹಾರ್ಮೋನಿಯಂ ನುಡಿಸುತ್ತೇನೆ. ‘ಲೇಜಿ’ ಎಂಬ ಹಾಡಿನ ಆರಂಭದಲ್ಲಿ ಬರುವುದು ಗಿಟಾರ್ ಎಂದು ನಾನು, ಆರ್ಗನ್ ಎಂದು ನನ್ನ ತಮ್ಮ, ವಾದಿಸುತ್ತಿದ್ದೇವೆ. ಯಾರದು ಸರಿ? ಆರ್ಗನ್ ಆದರೆ ಅದಕ್ಕೆ ಅಂಥ ಒರಟು ದನಿ ಹೇಗೆ ಬಂತು?

ಉತ್ತರ: ನಿಮ್ಮ ತಮ್ಮನದು ಸರಿ. ಆದರೆ ನಿಮಗೆ ಗಿಟಾರ್ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಾಗೆ ಕೇಳಿಸಬೇಕೆಂಬುದೇ ಜಾನ್ ಲಾರ್ಡ್ ಅವರ ಉದ್ದೇಶವಾಗಿತ್ತು.

ನಿಮ್ಮ ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಹಿತ್ತಾಳೆಯ ರೀಡುಗಳನ್ನು ಕಂಪಿಸುವುದರಿಂದ ನಾದ ಹುಟ್ಟುತ್ತದೆ. ಲಾರ್ಡ್ ನುಡಿಸುತ್ತಿದ್ದ ಹ್ಯಾಮಂಡ್ ಆರ್ಗನ್‌ನಲ್ಲಿ ಗಾಳಿಯೂ ಇಲ್ಲ, ರೀಡೂ ಇಲ್ಲ. ಅಮೆರಿಕದ ಲಾರೆನ್ಸ್ ಹ್ಯಾಮಂಡ್ 1930ರ ದಶಕದಲ್ಲಿ ರೂಪಿಸಿದ ಈ ವಾದ್ಯದೊಳಗೆ ಒಂದು ಮೋಟರು ಹಲ್ಲುಗಳಿರುವ ಲೋಹದ ಚಿಕ್ಕ ಚಕ್ರಗಳನ್ನು ಸತತವಾಗಿ ತಿರುಗಿಸುತ್ತಿರುತ್ತದೆ; ಪ್ರತಿ ಚಕ್ರದ ಪಕ್ಕದಲ್ಲಿ ಸುರುಳಿ ಸುತ್ತಿದ ಅಯಸ್ಕಾಂತವಿದ್ದು, ಹಲ್ಲುಗಳು ಅದರ ಮುಂದೆ ಹಾದುಹೋದಂತೆ ವಿದ್ಯುತ್ ಅಲೆ ಹುಟ್ಟುತ್ತದೆ. ಹಲ್ಲುಗಳ ಸಂಖ್ಯೆ ಮತ್ತು ಚಕ್ರದ ವೇಗ ಸೇರಿ ಸ್ವರದ ಎತ್ತರವನ್ನು ನಿರ್ಧರಿಸುತ್ತವೆ. ಕೀಲಿಗಳ ಮೇಲ್ಭಾಗದಲ್ಲಿರುವ ಎಳೆಯುವ ಪಟ್ಟಿಗಳಿಂದ ಮೂಲಸ್ವರಕ್ಕೆ ಎಷ್ಟು ಮೇಲುಸ್ವರ ಬೆರೆಯಬೇಕೆಂಬುದನ್ನು ನುಡಿಸುವವರೇ ಹೊಂದಿಸಿಕೊಳ್ಳುತ್ತಾರೆ.

ಈ ಆರ್ಗನ್ನಿಗೆ ಸಾಮಾನ್ಯವಾಗಿ ಜೋಡಿಸುವುದು ಲೆಸ್ಲಿ ಎಂಬ ತಿರುಗುವ ಸ್ಪೀಕರನ್ನು. ಚರ್ಚುಗಳಲ್ಲಿ, ಜಾಝ್ ಗೋಷ್ಠಿಗಳಲ್ಲಿ ಕೇಳಿಬರುವ ತೊನೆದಾಡುವ ದನಿ ಅದರದು. ಬ್ಲ್ಯಾಕ್‌ಮೋರ್ ಅವರ ಗಿಟಾರಿನ ಅಬ್ಬರದ ಮುಂದೆ ಅದು ಮುಳುಗಿಹೋಗುತ್ತಿದ್ದುದರಿಂದ ಲಾರ್ಡ್ ತಮ್ಮ ಆರ್ಗನ್ನನ್ನು ಗಿಟಾರಿಗೆಂದೇ ಮಾಡಿದ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದರು. ಆಂಪ್ಲಿಫೈಯರಿನ ವಾಲ್ವುಗಳು ತಾಳಿಕೊಳ್ಳಬಲ್ಲುದಕ್ಕಿಂತ ಹೆಚ್ಚಿನ ಸಂಕೇತ ಒಳಬಂದಾಗ ಅಲೆಯ ನೆತ್ತಿ ಕತ್ತರಿಸಿದಂತಾಗಿ ದನಿ ಗೊಗ್ಗರಾಗುತ್ತದೆ. ನಿಮಗೆ ಕೇಳಿಸಿದ ಒರಟುತನ ಅದೇ. ಹೀಗಾಗಿ ಈ ತಂಡದಲ್ಲಿ ಆರ್ಗನ್ ಹಿಂದೆ ಕುಳಿತು ಶ್ರುತಿ ಹಿಡಿಯುವ ವಾದ್ಯವಾಗಿ ಉಳಿಯದೆ ಗಿಟಾರಿಗೆ ಸಮಜೋಡಿಯಾಯಿತು, ಮತ್ತು ಅದೇ ಕಾಲದ ಇತರ ಹಾರ್ಡ್ ರಾಕ್ ತಂಡಗಳಿಂದ ಡೀಪ್ ಪರ್ಪಲ್ ಬೇರೆಯಾಗಿ ಕೇಳಿಸಲು ಮುಖ್ಯ ಕಾರಣ ಇದು.

ಹಾರ್ಮೋನಿಯಂ ಬಲ್ಲವರಾದ್ದರಿಂದ ನೀವು ‘ಹೈವೇ ಸ್ಟಾರ್’ ಹಾಡಿನ ನಡುವಿನ ಆರ್ಗನ್ ಭಾಗವನ್ನು ಬಿಡಿಸಿ ಕೇಳಬೇಕು. ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತ ಲಾರ್ಡ್ ಅಲ್ಲಿ ಬಾಖ್ ಶೈಲಿಯ ಸ್ವರಸರಣಿಯನ್ನು ಓಟದ ಲಯಕ್ಕೆ ಕೂರಿಸಿದ್ದಾರೆ. ಅವರ ಆ ಒಲವು ಎಷ್ಟು ಆಳವಾದದ್ದೆಂದರೆ, 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮಾಲ್ಕಮ್ ಆರ್ನಾಲ್ಡ್ ಅವರ ನಿರ್ದೇಶನದಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನೂ ತಮ್ಮ ತಂಡವನ್ನೂ ಒಂದೇ ವೇದಿಕೆಗೆ ತಂದು, ತಾವೇ ರಚಿಸಿದ ಮೂರು ಭಾಗಗಳ ಕಾನ್ಸರ್ಟೊವನ್ನು ನುಡಿಸಿದರು. ‘ಕಾನ್ಸರ್ಟೊ ಫಾರ್ ಗ್ರೂಪ್ ಆಂಡ್ ಆರ್ಕೆಸ್ಟ್ರಾ’ ಎಂಬ ಹೆಸರಿನ ಆ ಆಲ್ಬಂ ನನಗೆ ಗೌರವ ಹುಟ್ಟಿಸುತ್ತದೆ, ಮತ್ತೆ ಮತ್ತೆ ಕೇಳಬೇಕೆನಿಸುವುದಿಲ್ಲ. ಎರಡು ಪಡೆಗಳೂ ಪರಸ್ಪರ ದಾರಿ ಬಿಟ್ಟುಕೊಟ್ಟು ನಿಲ್ಲುತ್ತವೆಯೇ ಹೊರತು ಬೆರೆಯುವುದಿಲ್ಲ. ಆದರೆ ಅದರಿಂದ ಒಂದು ಒಳ್ಳೆಯದಾಯಿತು. ವಾದ್ಯವೃಂದದ ತಂಡವೆಂಬ ಹೆಸರು ಅಂಟಿಕೊಳ್ಳುವುದು ಬ್ಲ್ಯಾಕ್‌ಮೋರ್ ಅವರಿಗೆ ಇಷ್ಟವಿರಲಿಲ್ಲವಾದ್ದರಿಂದ, ಮುಂದಿನ ಆಲ್ಬಂ ಅಪ್ಪಟ ಗಟ್ಟಿ ರಾಕ್ ಆಗಿರಲೇಬೇಕೆಂದು ಅವರು ಪಟ್ಟುಹಿಡಿದರು. ಆ ಹಟದ ಫಲವೇ ‘ಇನ್ ರಾಕ್’.

ಪ್ರಶ್ನೆ: ಸೇಡಂನಿಂದ ಬರೆಯುತ್ತಿದ್ದೇನೆ. ‘ಇನ್ ರಾಕ್’ ಆಲ್ಬಂನ ‘ಚೈಲ್ಡ್ ಇನ್ ಟೈಮ್’ ಹಾಡಿಗೂ ಮುಂಬೈಗೂ ಏನೋ ಸಂಬಂಧವಿದೆ ಎಂದು ಗೆಳೆಯರೊಬ್ಬರು ಹೇಳಿದರು. ನಿಜವೇ?

ಉತ್ತರ: ಹೆಸರಿನ ಮಟ್ಟಿಗೆ ನಿಜ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ‘ಇಟ್ಸ್ ಎ ಬ್ಯೂಟಿಫುಲ್ ಡೇ’ ಎಂಬ ತಂಡ 1969ರ ತನ್ನ ಆಲ್ಬಂನಲ್ಲಿ ‘ಬಾಂಬೆ ಕಾಲಿಂಗ್’ ಎಂಬ ವಾದ್ಯಸಂಗೀತವನ್ನು ಮುದ್ರಿಸಿತ್ತು. ಜಾನ್ ಲಾರ್ಡ್ ಒಮ್ಮೆ ಅದರ ಧಾಟಿಯನ್ನು ನಿಧಾನಗೊಳಿಸಿ ನುಡಿಸುತ್ತಿರುವಾಗ ಗಿಲನ್ ಅದಕ್ಕೆ ಪದ ಹೊಂದಿಸತೊಡಗಿದರು; ಶೀತಲ ಸಮರದ ಕಾಲದ ಭಯವನ್ನು ಹೇಳುವ, ಹತ್ತು ನಿಮಿಷ ಮೀರಿದ ಈ ಹಾಡು ಹುಟ್ಟಿದ್ದು ಹಾಗೆ. ಋಣ ಒಂದೇ ಕಡೆಯದಾಗಿ ಉಳಿಯಲಿಲ್ಲ: ಆ ಅಮೆರಿಕನ್ ತಂಡವೂ ಡೀಪ್ ಪರ್ಪಲ್‌ನ ‘ರಿಂಗ್ ದಟ್ ನೆಕ್’ ಎಂಬ ವಾದ್ಯಸಂಗೀತದ ಧಾಟಿಯನ್ನು ತನ್ನ ಮುಂದಿನ ಆಲ್ಬಂನಲ್ಲಿ ಬಳಸಿಕೊಂಡಿತು. ಹಾಡಿನ ನಡುವೆ ಗಿಲನ್ ಪದಗಳನ್ನು ಬಿಟ್ಟು ಬರಿಯ ಸ್ವರದಲ್ಲಿ ಮೇಲೇರುವ ಭಾಗವನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಿ. ಫೋನಿನ ಸ್ಪೀಕರ್ ಅದಕ್ಕೆ ಸಾಲದು. ‘ಇನ್ ರಾಕ್’ ಬಂದ 1970ರಲ್ಲೇ ಹೊರಬಂದ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ರಾಕ್ ಆಪೆರಾದ ಮೂಲ ಆಲ್ಬಂನಲ್ಲಿ ಯೇಸುವಿನ ಪಾತ್ರಕ್ಕೆ ಹಾಡಿದವರೂ ಗಿಲನ್ ಅವರೇ.

ಪ್ರಶ್ನೆ: ನಾನು ಯಾದಗಿರಿಯ ಪದವಿ ವಿದ್ಯಾರ್ಥಿನಿ. ಗಿಟಾರ್ ಕಲಿಯುವವರೆಲ್ಲ ಮೊದಲು ನುಡಿಸುವ ‘ಸ್ಮೋಕ್ ಆನ್ ದ ವಾಟರ್’ ನಿಜವಾದ ಘಟನೆಯ ಕುರಿತ ಹಾಡೇ? ನಾನು ನುಡಿಸಿದರೆ ಆಲ್ಬಂನಲ್ಲಿ ಇರುವಂತೆ ಕೇಳಿಸುವುದಿಲ್ಲ, ಏಕೆ?

ಉತ್ತರ: ಸಾಲು ಸಾಲೂ ನಿಜ. 1971ರ ಡಿಸೆಂಬರಿನಲ್ಲಿ ತಂಡ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಂಡೆಯಲ್ಲಿರುವ ಮಾಂಟ್ರೊ ಪಟ್ಟಣಕ್ಕೆ ಹೋಗಿತ್ತು. ಚಳಿಗಾಲಕ್ಕೆಂದು ಮುಚ್ಚಲಿದ್ದ ಅಲ್ಲಿನ ಕಸಿನೊ ಸಭಾಂಗಣದಲ್ಲಿ, ‘ರೋಲಿಂಗ್ ಸ್ಟೋನ್ಸ್’ ತಂಡಕ್ಕೆ ಸೇರಿದ ಸಂಚಾರಿ ಸ್ಟುಡಿಯೊ ಲಾರಿಯನ್ನು ಬಾಡಿಗೆಗೆ ತಂದು ಹೊರಗೆ ನಿಲ್ಲಿಸಿ, ಹೊಸ ಆಲ್ಬಂ ಮುದ್ರಿಸುವುದು ಯೋಜನೆ. ಮುಚ್ಚುವ ಮೊದಲು ಅಲ್ಲಿ ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಝಾಪಾ ಅವರ ಕಾರ್ಯಕ್ರಮವೊಂದು ಉಳಿದಿತ್ತು. ಡಿಸೆಂಬರ್ 4ರಂದು ನಡೆದ ಆ ಕಾರ್ಯಕ್ರಮದಲ್ಲಿ ಪ್ರೇಕ್ಷಕರಲ್ಲೊಬ್ಬ ಬೆಂಕಿಯ ಸಂಕೇತ ಹಾರಿಸುವ ಪಿಸ್ತೂಲನ್ನು ಸಿಡಿಸಿದ್ದರಿಂದ ಛಾವಣಿಗೆ ಕಿಡಿ ತಗುಲಿ ಇಡೀ ಕಟ್ಟಡ ಸುಟ್ಟುಹೋಯಿತು. ಹೊಗೆ ಸರೋವರದ ನೀರಿನ ಮೇಲೆ ಹರಡಿದ್ದನ್ನು ತಂಡದವರು ಕಣ್ಣಾರೆ ಕಂಡರು. ಕೆಲವು ದಿನಗಳ ನಂತರ ನಿದ್ದೆಯಿಂದ ಎಚ್ಚರಗೊಳ್ಳುವಾಗ ಗ್ಲೋವರ್ ಅವರ ಬಾಯಿಗೆ ಆ ಶೀರ್ಷಿಕೆ ಬಂತು. ಹಾಡಿನಲ್ಲಿ ಜನರನ್ನು ಹೊರಗೆಳೆಯುವ ‘ಫಂಕಿ ಕ್ಲಾಡ್’ ಎಂದರೆ ಮಾಂಟ್ರೊ ಜಾಝ್ ಉತ್ಸವದ ಸ್ಥಾಪಕರಲ್ಲೊಬ್ಬರಾದ ಕ್ಲಾಡ್ ನಾಬ್ಸ್.

ಮುಂದಿನ ಕಥೆಯೂ ಹಾಡಿನಲ್ಲಿದೆ. ಬದಲಿ ಜಾಗವಾಗಿ ಸಿಕ್ಕ ಪೆವಿಲಿಯನ್ ಎಂಬ ರಂಗಮಂದಿರದಲ್ಲಿ ಇದೇ ಹಾಡಿನ ವಾದ್ಯಭಾಗವನ್ನು ಮುದ್ರಿಸುತ್ತಿರುವಾಗ ಸದ್ದಿಗೆ ಬೇಸತ್ತ ನೆರೆಯವರು ದೂರು ಕೊಟ್ಟು ಪೊಲೀಸರು ಬಂದರು. ಕೊನೆಗೆ ಚಳಿಗಾಲಕ್ಕೆ ಖಾಲಿ ಬಿದ್ದಿದ್ದ ಗ್ರ್ಯಾಂಡ್ ಹೋಟೆಲಿನ ಓಣಿಯಂಥ ಮೊಗಸಾಲೆಯಲ್ಲಿ ಹಾಸಿಗೆಗಳನ್ನು ನಿಲ್ಲಿಸಿ ಸದ್ದು ಅಡಗಿಸಿ ಉಳಿದ ಕೆಲಸ ಮುಗಿಸಿದರು. ನುಡಿಸಿದ್ದನ್ನು ಕೇಳಬೇಕಾದರೆ ಕೋಣೆ, ಬಾಲ್ಕನಿಗಳನ್ನೆಲ್ಲ ದಾಟಿ ಹೊರಗಿನ ಲಾರಿಗೆ ಹೋಗಬೇಕಾಗಿದ್ದುದರಿಂದ ಅವರು ಕ್ರಮೇಣ ಹೋಗುವುದನ್ನೇ ಬಿಟ್ಟರು. ‘ಮಷೀನ್ ಹೆಡ್’ನ ಏಳೂ ಹಾಡುಗಳಲ್ಲಿರುವ ತಡೆಯಿಲ್ಲದ ಓಟಕ್ಕೆ, ಪದೇ ಪದೇ ತಿದ್ದುವ ಅವಕಾಶವಿಲ್ಲದಿದ್ದುದೂ ಒಂದು ಕಾರಣವೆಂದು ನನಗೆ ಅನಿಸುತ್ತದೆ. 1972ರ ಮಾರ್ಚಿನಲ್ಲಿ ಆಲ್ಬಂ ಬಂದಾಗ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ಪ್ರತ್ಯೇಕ ರೆಕಾರ್ಡ್ ಆಗಿ, ಆರಿಸಿದ್ದು ‘ನೆವರ್ ಬಿಫೋರ್’ ಎಂಬ, ಇಂದು ಹೆಚ್ಚಿನವರು ಮರೆತಿರುವ ಹಾಡನ್ನು. ‘ಸ್ಮೋಕ್ ಆನ್ ದ ವಾಟರ್’ ಸಿಂಗಲ್ ಆಗಿ ಅಮೆರಿಕದಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ್ದು 1973ರಲ್ಲಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಕಲಿಯುವವರು ಹೆಚ್ಚಾಗಿ ಆ ರಿಫ್ (ಹಾಡಿನಲ್ಲಿ ಮರಳಿ ಮರಳಿ ಬರುವ ಚಿಕ್ಕ ಸ್ವರಗುಚ್ಛ) ಅನ್ನು ಒಂದೇ ತಂತಿಯ ಮೇಲೆ ನುಡಿಸುತ್ತಾರೆ, ಇಲ್ಲವೇ ಪವರ್ ಕಾರ್ಡ್ (ಷಡ್ಜ–ಪಂಚಮಗಳ ಜೋಡಿ) ಹಿಡಿದು, ತಂತಿ ಮೀಟುವ ಚಿಕ್ಕ ಬಿಲ್ಲೆಯಾದ ಪಿಕ್‌ನಿಂದ ಮೀಟುತ್ತಾರೆ. ಬ್ಲ್ಯಾಕ್‌ಮೋರ್ ನುಡಿಸುವುದು ಪಕ್ಕಪಕ್ಕದ ಎರಡು ತಂತಿಗಳನ್ನು ಒಟ್ಟಿಗೆ, ನಾಲ್ಕನೆಯ ಸ್ವರದ ಅಂತರದಲ್ಲಿ, ಅಂದರೆ ನಮ್ಮ ಷಡ್ಜ–ಮಧ್ಯಮದ ಅಂತರದಲ್ಲಿ. ಅದೂ ಪಿಕ್ ಇಲ್ಲದೆ ಬೆರಳಿನಿಂದ ಎರಡೂ ತಂತಿಗಳನ್ನು ಏಕಕಾಲಕ್ಕೆ ಮೀಟುತ್ತಾರೆ. ಅದಲ್ಲದೆ ಆಲ್ಬಂನಲ್ಲಿ ಗಿಟಾರ್ ಒಂದು ಸಲ ಒಂಟಿಯಾಗಿ ಬಂದ ಮೇಲೆ ಅದೇ ರಿಫ್ ಅನ್ನು ಲಾರ್ಡ್ ಅವರ ಗೊಗ್ಗರು ಆರ್ಗನ್ ಕೂಡ ನುಡಿಸುತ್ತದೆ. ಆದ್ದರಿಂದ ಒಂದೇ ಗಿಟಾರಿನಿಂದ ಆ ದಪ್ಪ ದನಿ ಪೂರ್ತಿಯಾಗಿ ಬರಲಾರದು. ನಿಮ್ಮ ಕೈಯಲ್ಲಿ ದೋಷವಿಲ್ಲ.

ಪ್ರಶ್ನೆ: ಹುಮನಾಬಾದಿನಿಂದ ಒಬ್ಬ ತಾಯಿ ಬರೆಯುವುದು. ಮಗ ಇಯರ್‌ಫೋನ್ ಹಾಕಿಕೊಂಡು ಇವರ ಹಾಡನ್ನು ಕಿವಿ ಗುಂಯ್‌ಗುಡುವಷ್ಟು ಜೋರಾಗಿ ಕೇಳುತ್ತಾನೆ. ‘ಜೋರಾಗಿ ಕೇಳದಿದ್ದರೆ ಇದು ಡೀಪ್ ಪರ್ಪಲ್ಲೇ ಅಲ್ಲ’ ಎನ್ನುತ್ತಾನೆ.

ಉತ್ತರ: ಅಮ್ಮಾ, 1972ರಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ 117 ಡೆಸಿಬಲ್ ಸದ್ದು ಮಾಡಿದ್ದಕ್ಕಾಗಿ ಈ ತಂಡದ ಹೆಸರು ಅತ್ಯಂತ ಜೋರಿನ ತಂಡವೆಂದು ಗಿನ್ನೆಸ್ ಪುಸ್ತಕಕ್ಕೆ ಸೇರಿತ್ತು. ‘ಮೇಡ್ ಇನ್ ಜಪಾನ್’ನಲ್ಲೂ, ಎಲ್ಲವೂ ಎಲ್ಲಕ್ಕಿಂತ ಜೋರಾಗಿರಲಿ ಎಂದು ಗಿಲನ್ ಧ್ವನಿವರ್ಧಕದವರನ್ನು ಕೇಳಿಕೊಳ್ಳುವುದು ದಾಖಲಾಗಿದೆ. ಮಗನ ಮಾತಿಗೆ ಹೀಗೆ ಚರಿತ್ರೆಯ ಬೆಂಬಲವಿದ್ದರೂ ವೈದ್ಯಶಾಸ್ತ್ರದ ಬೆಂಬಲವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸುರಕ್ಷಿತವೆಂದು ಹೇಳುವುದು 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆಗಳನ್ನಷ್ಟೇ. ಸದ್ದು ಹೆಚ್ಚಿದಂತೆ ಆ ಅವಧಿ ಬಹು ಬೇಗ ಕುಗ್ಗುತ್ತದೆ. ಇಯರ್‌ಫೋನ್ ತೆಗೆದಿರಿಸಿ ಸ್ಪೀಕರಿನಲ್ಲಿ ಕೇಳಲು ಹೇಳಿ. ಪೇಸ್ ಅವರ ಡ್ರಮ್ಸ್‌ನ ಸೂಕ್ಷ್ಮಗಳು ಮಧ್ಯಮ ಸದ್ದಿನಲ್ಲೇ ಚೆನ್ನಾಗಿ ಕೇಳುತ್ತವೆ ಎಂದೂ ಹೇಳಿ, ಬಹುಶಃ ಅದಕ್ಕೆ ಒಪ್ಪಿಯಾನು.

ಪ್ರಶ್ನೆ: ಶಹಾಪುರದ ನಮ್ಮ ಕಾಕಾ ಕ್ಯಾಸೆಟ್ ಕಾಲದ ಅಭಿಮಾನಿ. ಗಿಲನ್ ಬಿಟ್ಟ ಮೇಲಿನ ಆಲ್ಬಂಗಳನ್ನು ಕೇಳುವುದು ಕಾಲಹರಣ ಎನ್ನುತ್ತಾರೆ. 1984ರ ನಂತರದವುಗಳನ್ನಂತೂ ಮುಟ್ಟುವುದೇ ಇಲ್ಲ. ತಮ್ಮ ಅಭಿಪ್ರಾಯವೇನು?

ಉತ್ತರ: ಕಾಕಾ ಅವರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ: 1974ರ ‘ಬರ್ನ್’ ಅನ್ನು ಬಿಟ್ಟವರು ಈ ತಂಡದ ಅತ್ಯುತ್ತಮ ಮೂರು ಸ್ಟುಡಿಯೊ ಆಲ್ಬಂಗಳಲ್ಲಿ ಒಂದನ್ನು ಬಿಟ್ಟಂತೆ. ಉತ್ತರ ಇಂಗ್ಲೆಂಡಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ, ಹೊರಜಗತ್ತಿಗೆ ಅಪರಿಚಿತನಾಗಿದ್ದ ಕವರ್‌ಡೇಲ್ ಅವರದು ಬ್ಲೂಸ್ ತುಂಬಿದ ತಗ್ಗು ದನಿ. ಬೇಸ್ ನುಡಿಸುತ್ತಲೇ ಹಾಡುವ ಗ್ಲೆನ್ ಹ್ಯೂಸ್ ಅವರದು ಎತ್ತರದ ದನಿ. ಒಬ್ಬ ಗಿಲನ್ ಬಿಟ್ಟುಹೋದ ಜಾಗವನ್ನು ಇಬ್ಬರು ಗಾಯಕರು ತುಂಬಿದಾಗ ತಂಡಕ್ಕೆ ಹಿಂದೆ ಇರದಿದ್ದ ಒಂದು ಆಯಾಮ ಸೇರಿತು. ಶೀರ್ಷಿಕೆಯ ಹಾಡಿನಲ್ಲಿ ಪೇಸ್ ಒಂದು ಕ್ಷಣವೂ ಬಿಡುವು ಕೊಡದೆ ಡ್ರಮ್ಸ್ ನುಡಿಸಿದ್ದಾರೆ. ‘ಮಿಸ್‌ಟ್ರೀಟೆಡ್’ ಹಾಡಿನಲ್ಲಿ ಬ್ಲ್ಯಾಕ್‌ಮೋರ್ ವೇಗವನ್ನು ಬಿಟ್ಟು ಒಂದೊಂದೇ ಸ್ವರವನ್ನು ಹಿಗ್ಗಿಸುತ್ತಾರೆ. ಅಷ್ಟು ಸಂಯಮದ ಗಿಟಾರ್ ಅವರಿಂದ ಬಂದದ್ದು ಅಪರೂಪ.

ಅದೇ ವರ್ಷದ ‘ಸ್ಟಾರ್ಮ್‌ಬ್ರಿಂಗರ್’ನಲ್ಲಿ ಕುಣಿಸುವ ಲಯಕ್ಕೆ ಒತ್ತು ಕೊಡುವ ಅಮೆರಿಕದ ಫಂಕ್ ಸಂಗೀತದ ಕಡೆಗಿನ ಹ್ಯೂಸ್ ಅವರ ಒಲವು ಮೇಲುಗೈ ಸಾಧಿಸಿತು, ಬ್ಲ್ಯಾಕ್‌ಮೋರ್ ಅವರಿಗೆ ಅದು ಹಿಡಿಸದೆ ಹೊರನಡೆದರು. ಆದರೂ ಅದರ ಕೊನೆಯ ಹಾಡಾದ ‘ಸೋಲ್ಜರ್ ಆಫ್ ಫಾರ್ಚೂನ್’ ಅನ್ನು ಕಾಕಾ ಅವರಿಗೆ ಹೆಸರು ಹೇಳದೆ ಒಮ್ಮೆ ಕೇಳಿಸಿ ನೋಡಿ. ಬೋಲಿನ್ ಇದ್ದ ‘ಕಮ್ ಟೇಸ್ಟ್ ದ ಬ್ಯಾಂಡ್’ ಒಳ್ಳೆಯ ಆಲ್ಬಂ. ಡೀಪ್ ಪರ್ಪಲ್ ಎಂಬ ಹೆಸರಿಲ್ಲದೆ ಬಂದಿದ್ದರೆ ಇನ್ನೂ ಹೆಚ್ಚು ಮನ್ನಣೆ ಪಡೆಯುತ್ತಿತ್ತೇನೊ.

1984ರ ನಂತರದವುಗಳಲ್ಲಿ ಆಯ್ಕೆ ಬೇಕು. ಮರುಮಿಲನದ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಅವಶ್ಯ ಕೇಳಬೇಕಾದದ್ದು. ಶೀರ್ಷಿಕೆಯ ಹಾಡನ್ನು ಲಾರ್ಡ್ ಅವರ ಆರ್ಗನ್ ಒಂಟಿಯಾಗಿ ಆರಂಭಿಸುವ ರೀತಿಯೊಂದೇ ಸಾಕು. ಆಮೇಲೆ ಹಳೆಯ ಮನಸ್ತಾಪಗಳು ಮರಳಿದವು. 1987ರಿಂದ 1993ರವರೆಗಿನ ಮೂರು ಆಲ್ಬಂಗಳನ್ನು ತೀರಾ ಶ್ರದ್ಧಾವಂತರಿಗೆ ಬಿಡೋಣ. 1993ರ ನವೆಂಬರಿನಲ್ಲಿ ಪ್ರವಾಸದ ನಡುವೆಯೇ ಬ್ಲ್ಯಾಕ್‌ಮೋರ್ ಎರಡನೆಯ ಸಲ ಹೊರಟುಹೋದ ಮೇಲೆ, ಗಿಟಾರ್ ವಾದಕ ಜೋ ಸ್ಯಾಟ್ರಿಯಾನಿ ಕೆಲಕಾಲ ನೆರವಾಗಿ, 1994ರಲ್ಲಿ ಸ್ಟೀವ್ ಮೋರ್ಸ್ ಬಂದರು. ಅವರೊಂದಿಗಿನ ಮೊದಲ ಆಲ್ಬಂ, 1996ರ ‘ಪರ್ಪೆಂಡಿಕ್ಯುಲರ್’, ತಂಡಕ್ಕೆ ಮತ್ತೆ ಉಸಿರು ಕೊಟ್ಟಿತು. ‘ಸಮ್‌ಟೈಮ್ಸ್ ಐ ಫೀಲ್ ಲೈಕ್ ಸ್ಕ್ರೀಮಿಂಗ್’ ಅದರ ಶಿಖರ. 2002ರಲ್ಲಿ ಲಾರ್ಡ್ ನಿವೃತ್ತರಾಗಿ ಡಾನ್ ಐರಿ ಆ ಸ್ಥಾನಕ್ಕೆ ಬಂದರು. ಲಾರ್ಡ್ 2012ರ ಜುಲೈ 16ರಂದು ನಿಧನರಾದರು. ಮರುವರ್ಷದ ‘ನೌ ವಾಟ್’ ಆಲ್ಬಂನ ‘ಅನ್‌ಕಾಮನ್ ಮ್ಯಾನ್’ ಅವರ ನೆನಪಿನ ಹಾಡು. ನಿರ್ಮಾಪಕ ಬಾಬ್ ಎಝ್ರಿನ್ ಅವರ ಕೈಗೆ ಕೆಲಸ ಹೋದ ಈ ಆಲ್ಬಂನಿಂದ ಧ್ವನಿಮುದ್ರಣದ ಗುಣಮಟ್ಟ ಮೇಲೇರಿತು. 2022ರಲ್ಲಿ ಪತ್ನಿಯ ಅನಾರೋಗ್ಯದ ಕಾರಣ ಮೋರ್ಸ್ ಬಿಟ್ಟ ಜಾಗಕ್ಕೆ ಬಂದ ಸೈಮನ್ ಮೆಕ್‌ಬ್ರೈಡ್ ನುಡಿಸಿದ ‘ಈಕ್ವಲ್ಸ್ ಒನ್’ 2024ರಲ್ಲಿ ಹೊರಬಂತು. ಗಿಲನ್ ಅವರ ಎತ್ತರದ ಚೀರುದನಿ ಈಗ ಇಲ್ಲ. ಮಾತಿಗೆ ಹತ್ತಿರವಾದ, ಹಾಸ್ಯ ಬೆರೆತ ಹಾಡಿಕೆ ಇದೆ. ಹಳೆಯದನ್ನೇ ಹುಡುಕುವವರಿಗೆ ನಿರಾಸೆಯಾಗಬಹುದು, ನನಗೆ ಆಗಿಲ್ಲ.

ಪ್ರಶ್ನೆ: ಬಸವಕಲ್ಯಾಣದವನು ನಾನು. ಸೋದರಮಾವ ಕೊಟ್ಟ ಹಳೆಯ ರೆಕಾರ್ಡ್ ಪ್ಲೇಯರ್ ದುರಸ್ತಿಯಾಗಿ ಬಂದಿದೆ. ಹೈದರಾಬಾದಿಗೆ ಹೋದಾಗ ಇವರ ಎಲ್‌ಪಿ ಕೊಳ್ಳಬೇಕೆಂದಿದ್ದೇನೆ. ಯಾವ ಆವೃತ್ತಿ ಕೊಳ್ಳಲಿ, ಹೇಗೆ ಕಾಪಾಡಲಿ?

ಉತ್ತರ: ಮೊದಲು ‘ಮೇಡ್ ಇನ್ ಜಪಾನ್’ ಕೊಳ್ಳಿ, ಎರಡು ತಟ್ಟೆಗಳೂ ಒಳಗಿವೆಯೇ ಎಂದು ಅಂಗಡಿಯಲ್ಲೇ ತೆಗೆದು ನೋಡಿ. ಹಳೆಯ ಪ್ರತಿಗಳಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸಗಳಿವೆ. ‘ಇನ್ ರಾಕ್’ನ ಮೊದಲ ಹಾಡಾದ ‘ಸ್ಪೀಡ್ ಕಿಂಗ್’ಗೆ ಇರುವ ಅಬ್ಬರದ ಪೀಠಿಕೆಯನ್ನು ಅಮೆರಿಕದ ಮುದ್ರಣದಲ್ಲಿ ಕತ್ತರಿಸಲಾಗಿತ್ತು, ಆದ್ದರಿಂದ ಬ್ರಿಟನ್ನಿನ ಪಾಠವೇ ಮೇಲು. ‘ಫೈರ್‌ಬಾಲ್’ನ ಬ್ರಿಟಿಷ್ ಮುದ್ರಣದಲ್ಲಿ ‘ಡೀಮನ್ಸ್ ಐ’ ಇದ್ದರೆ ಅಮೆರಿಕದ್ದರಲ್ಲಿ ಅದರ ಬದಲು ‘ಸ್ಟ್ರೇಂಜ್ ಕೈಂಡ್ ಆಫ್ ವುಮನ್’ ಇದೆ. ಎರಡೂ ಒಳ್ಳೆಯ ಹಾಡುಗಳೇ. ‘ಮಷೀನ್ ಹೆಡ್’ ಮುದ್ರಣದ ವೇಳೆಯಲ್ಲೇ ತಯಾರಾಗಿ ಆಲ್ಬಂನಿಂದ ಹೊರಗುಳಿದ ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಎಂಬ ವಿಷಾದಗೀತೆ 1997ರ ಸಿಡಿ ಆವೃತ್ತಿಯಲ್ಲಿ ಸೇರಿದೆ. ಅದೇ ಆಲ್ಬಂಗೆ 2024ರಲ್ಲಿ ಬಂದ ವಿಶೇಷ ಆವೃತ್ತಿಗಾಗಿ ಹೊಸದಾಗಿ ಮಿಕ್ಸಿಂಗ್ (ಮುದ್ರಿಸಿದ ವಾದ್ಯ, ಕಂಠಗಳ ಸದ್ದನ್ನು ಹದವಾಗಿ ಬೆರೆಸುವ ಕೆಲಸ) ಮಾಡಿದವರು ಡ್ವೀಝಿಲ್ ಝಾಪಾ, ಅಂದು ಮಾಂಟ್ರೊದಲ್ಲಿ ಯಾರ ಕಾರ್ಯಕ್ರಮದ ವೇಳೆ ಬೆಂಕಿ ಬಿತ್ತೋ ಆ ಫ್ರ್ಯಾಂಕ್ ಝಾಪಾ ಅವರ ಮಗ. ವಿಧಿಯ ಈ ವಿನೋದವನ್ನು ಮೆಚ್ಚುತ್ತೇನಾದರೂ, ಮೊದಲ ಸಲ ಕೇಳುವವರು ಹಳೆಯ ಮಿಕ್ಸಿಂಗನ್ನೇ ಕೇಳುವುದು ಒಳ್ಳೆಯದು.

ಕಾಪಾಡುವ ವಿಷಯದಲ್ಲಿ ನಮ್ಮ ಭಾಗದ ಹವೆಗೆ ತಕ್ಕ ಎಚ್ಚರ ಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಗಳಲ್ಲಿ ಎಲ್‌ಪಿಯ ವಿನೈಲ್ ಬಾಗಲು ಬಿಸಿಲಿಗೆ ಇಟ್ಟ ಮುಚ್ಚಿದ ಕಾರಿನೊಳಗಿನ ಸ್ವಲ್ಪ ಹೊತ್ತೇ ಸಾಕು. ಹೈದರಾಬಾದಿನಿಂದ ತರುವಾಗ ಡಿಕ್ಕಿಯಲ್ಲಿ ಇಟ್ಟು ಊಟಕ್ಕೆ ಇಳಿಯಬೇಡಿ. ಮನೆಯಲ್ಲಿ ಪಶ್ಚಿಮದ ಗೋಡೆ ಮತ್ತು ತಗಡಿನ ಛಾವಣಿಯಿಂದ ದೂರ, ಪುಸ್ತಕದಂತೆ ನೇರವಾಗಿ ನಿಲ್ಲಿಸಿಡಿ. ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿದರೆ ಕೆಳಗಿನವು ಹಾಳಾಗುತ್ತವೆ. ಬೇಸಿಗೆಯ ಗಾಳಿಗೆ ಏಳುವ ಮಣ್ಣಿನ ಧೂಳು ತಟ್ಟೆಯ ಗೀರುಗಳಲ್ಲಿ ಕುಳಿತರೆ ಮುಳ್ಳು ಬೇಗ ಸವೆಯುತ್ತದೆ, ಆದ್ದರಿಂದ ಪ್ರತಿ ಸಲವೂ ನುಡಿಸುವ ಮೊದಲು ಮೃದುವಾದ ಬ್ರಶ್‌ನಿಂದ ಗೀರಿನ ದಿಕ್ಕಿನಲ್ಲೇ ಒರೆಸಿ. ಮುಳ್ಳಿಗೆ ಎಷ್ಟು ವಯಸ್ಸಾಗಿದೆಯೆಂದು ತಿಳಿಯದಿದ್ದರೆ ಹೊಸ ಎಲ್‌ಪಿ ಇಡುವ ಮೊದಲೇ ಅದನ್ನು ಬದಲಾಯಿಸಿಬಿಡಿ.